ಊಟ ಆಯ್ತಾ ಅಂತ ಚೈನೀಸಲ್ಲಿ ಕೇಳೋದು ಹೇಗೆ?

ಪ್ರಶ್ನೆ: ನಮಸ್ತೆ ಮೇಡಂ. ನನ್ನ ಮಗ ಚೀನಾದ ಶೆಂಜೆನ್‌ನಲ್ಲಿ ಕೆಲಸದಲ್ಲಿದಾನೆ, ಬರೋ ತಿಂಗಳು ಹೋಗಿ ಸ್ವಲ್ಪ ದಿನ ಇದ್ದು ಬರೋಣ ಅಂತಿದೀನಿ. ಮಗ ಸೊಸೆ ಇಬ್ರೂ ಬೆಳಗ್ಗೆ ಆಫೀಸಿಗೆ ಹೋದ್ರೆ ಬರೋದು ರಾತ್ರಿನೇ ಅಂತೆ. ನಂಗೆ 59, ಇಂಗ್ಲಿಷೇ ಅಷ್ಟಕ್ಕಷ್ಟೆ, ಈಗ ಚೈನೀಸ್ ಕಲಿಯೋಕಾಗುತ್ತಾ? ನಾವು ಮೊಟ್ಟೆನೂ ತಿನ್ನಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುತ್ತಮ್ಮ, ಖಂಡಿತ ಆಗುತ್ತೆ. ಇಂಗ್ಲಿಷ್ ಬರಲ್ಲ ಅಂತ ಬೇಜಾರು ಬೇಡ, ಅಲ್ಲಿ ತರಕಾರಿ ಅಂಗಡೀಲಿ ಇಂಗ್ಲಿಷ್ ಇಟ್ಕೊಂಡು ಏನೂ ಮಾಡೋಕಾಗಲ್ಲ. ನಾನು ಪಕ್ಕದ ಗ್ವಾಂಗ್‌ಜೋನಲ್ಲಿ ಐದು ವರ್ಷ ಇದ್ದವಳು. ಹೋದ ಹೊಸದರಲ್ಲಿ ಮೇಲ್ಮನೆ ಅಜ್ಜಿ ಒಬ್ರು ಲಿಫ್ಟಲ್ಲಿ ಸಿಕ್ಕಾಗೆಲ್ಲ ಏನೋ ಕೇಳೋರು, ನಾನು ಸುಮ್ನೆ ನಗೋದು, ಅವರೂ ನಗೋದು. ಆಮೇಲೆ ಗೊತ್ತಾಯ್ತು, ಅವರು ಕೇಳ್ತಿದ್ದಿದ್ದು 'ಛ್ರ್ ಲ ಮಾ?' ಅಂದ್ರೆ 'ಊಟ ಆಯ್ತಾ?' ಅಂತ! ಥೇಟ್ ನಮ್ಮೂರಿನ ಹಾಗೇ. 'ಛ್ರ್ ಲ' ಅಂದ್ರೆ ಆಯ್ತು ಅಂತ ಉತ್ತರ, ಅಷ್ಟು ಸಾಕು. ಅವತ್ತು ನಾನು 'ಛ್ರ್ ಲ' ಅಂದಾಗ ಆ ಅಜ್ಜಿ ನನ್ನ ಕೈ ಹಿಡ್ಕೊಂಡು ಬಿಟ್ರು. ನೀವೂ ಅಲ್ಲಿಂದಲೇ ಶುರು ಮಾಡಿ. ಅಪಾರ್ಟ್‌ಮೆಂಟಿನ ಪುಟ್ಟ ಮಕ್ಕಳು ನಿಮ್ಮನ್ನ 'ನಾಯ್ ನಾಯ್' ಅಂತ ಕರೆದ್ರೆ ಕೋಪ ಮಾಡ್ಕೋಬೇಡಿ, ಅದು ಅಜ್ಜಿ ಅಂತ, ಪ್ರೀತಿಯಿಂದ ಕರೆಯೋದು.

ಊಟದ ವಿಷಯ ಮಾತ್ರ ಸರಿಯಾಗಿ ಬಾಯಿಪಾಠ ಮಾಡ್ಕೊಳ್ಳಿ. 'ವೋ ಛ್ರ್ ಸೂ' ಅಂದ್ರೆ ನಾನು ಸಸ್ಯಾಹಾರಿ. ಆದ್ರೆ ಇದೊಂದೇ ಸಾಲದು. ಮಾಂಸಕ್ಕೆ 'ರೋವ್' ಅಂತಾರೆ, ಹಾಗಂದ್ರೆ ಅವರ ಮನಸ್ಸಿಗೆ ಮೊದಲು ಬರೋದು ಹಂದಿ ಮಾಂಸ, ಹಂಗಾಗಿ ರೋವ್ ಬೇಡ ಅಂದ್ರೂ ಮೊಟ್ಟೆನೋ ಸಿಗಡಿನೋ ಹಾಕಿ ಕೊಡಬಹುದು, ಅವರದೇನೂ ತಪ್ಪಿಲ್ಲ. ನಾನು ಒಂದ್ಸಲ ಒಂದು ಪುಟ್ಟ ಹೋಟೆಲಲ್ಲಿ ಹುರಿದ ಬೀನ್ಸ್ ತಗೊಂಡೆ, ಬೀನ್ಸ್ ತಾನೇ ಅಂತ ಧೈರ್ಯವಾಗಿ ತಿಂತಿದ್ದೆ, ಮೂರನೇ ತುತ್ತಿಗೆ ಹಲ್ಲಿಗೆ ಕಂದು ಕಾಳಿನ ಥರ ಸಿಕ್ತು, ನೋಡಿದ್ರೆ ಹಂದಿ ಕೈಮಾ. ಅವತ್ತಿಂದ ಒಂದೊಂದನ್ನೂ ಬಿಡಿಸಿ ಹೇಳೋದು ಕಲಿತೆ: 'ಪು ಯಾವ್ ರೋವ್' ಮಾಂಸ ಬೇಡ, 'ಪು ಯಾವ್ ಚೀ ತಾನ್' ಮೊಟ್ಟೆ ಬೇಡ, 'ಪು ಯಾವ್ ಚೂ ಯೋವ್' ಹಂದಿ ಕೊಬ್ಬು ಬೇಡ. ಈ ಕೊನೇದು ತುಂಬಾ ಮುಖ್ಯ, ಸೊಪ್ಪು ಬಾಡಿಸೋಕೂ ಎಷ್ಟೋ ಕಡೆ ಅದೇ ಕೊಬ್ಬು ಹಾಕ್ತಾರೆ. ಕಣ್ಣು ಮುಚ್ಚಿ ಆರ್ಡರ್ ಮಾಡೋಕೆ 'ಸ್ವಾನ್ ಲಾ ಥೂ ತೋವ್ ಸ್' ಇದೆ, ಆಲೂಗಡ್ಡೆನ ದಾರದ ಹಾಗೆ ಹೆಚ್ಚಿ ಒಣಮೆಣಸಿನಕಾಯಿ ವಿನಿಗರ್ ಹಾಕಿ ಹುರೀತಾರೆ, ಅನ್ನಕ್ಕೆ ಚೆನ್ನಾಗಿರುತ್ತೆ, ಹಂದಿ ಕೊಬ್ಬು ಬೇಡ ಅಂತ ಮಾತ್ರ ಹೇಳಿ. ಬೌದ್ಧ ದೇವಸ್ಥಾನಗಳ ಹತ್ರ ಪೂರ್ತಿ ಸಸ್ಯಾಹಾರಿ ಹೋಟೆಲ್‌ಗಳು ಸಿಗ್ತವೆ, ಸಾಮಾನ್ಯವಾಗಿ ಅಲ್ಲಿ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ಮಗನಿಗೆ ಹೇಳಿ ಒಂದನ್ನ ಹುಡುಕಿಸಿ ಇಟ್ಕೊಳ್ಳಿ.

ಪ್ರಶ್ನೆ: ಮೇಡಂ, ನಂದು ಹುಬ್ಬಳ್ಳ್ಯಾಗ ಹಾರ್ಡ್‌ವೇರ್ ಅಂಗಡಿ. ಏಪ್ರಿಲ್‌ದಾಗ ಕ್ಯಾಂಟನ್ ಫೇರ್‌ಗೆ (ಗ್ವಾಂಗ್‌ಜೋದಾಗಿನ ದೊಡ್ಡ ವ್ಯಾಪಾರ ಮೇಳ) ಹೊಂಟೀನಿ. ಎರಡ ತಿಂಗಳಿಂದ ಆ್ಯಪ್‌ನ್ಯಾಗ ಕಲಿಯಾಕತ್ತೀನಿ, ಆದ್ರ ಅಲ್ಲಿ ಸಪ್ಲೈಯರ್‌ಗೆ ಫೋನ್ ಮಾಡಿ 'ದ್ವೊ ಶಾವೊ ಚಿಯಾನ್' ಅಂತ ರೇಟ್ ಕೇಳಿದ್ರ ಅಂವಗ ತಿಳಿವಲ್ದು. ಎಲ್ಲಿ ತಪ್ಪಾಗೇತಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸರ್, ನೀವು ಕಷ್ಟಪಟ್ಟಿರೋದು ಗೊತ್ತಾಗುತ್ತೆ, ತಪ್ಪು ಒಂದೇ ಕಡೆ ಇದೆ. ಆ್ಯಪ್‌ನಲ್ಲಿ ಕಾಣೋ ಇಂಗ್ಲಿಷ್ ಅಕ್ಷರಗಳನ್ನ ನೀವು ಇಂಗ್ಲಿಷ್ ಥರ ಓದ್ತಿದ್ದೀರಿ. ಅದು ಪಿನ್‌ಯಿನ್ ಅಂತ, 1958ರಲ್ಲಿ ಚೀನಾದವರು ತಮ್ಮ ಅನುಕೂಲಕ್ಕೆ ಜಾರಿಗೆ ತಂದಿದ್ದು, ಅಕ್ಷರ ಮಾತ್ರ ಇಂಗ್ಲಿಷಿಂದು, ಉಚ್ಚಾರಣೆ ಬೇರೆ. ಮ್ಯಾಂಡರಿನ್‌ನಲ್ಲಿ, ಅಂದ್ರೆ ನೀವು ಕಲೀತಿರೋ ಚೈನೀಸಲ್ಲಿ, ನಮ್ಮ ಬ, ದ, ಗ ಇಲ್ಲವೇ ಇಲ್ಲ. ಅಲ್ಲಿ 'ಬಿ' ಅಂತ ಬರೆದಿದ್ರೆ ಅದು ನಮ್ಮ ಪ, 'ಪಿ' ಅಂತ ಇದ್ರೆ ಮಹಾಪ್ರಾಣದ ಫ (ತುಟಿ ಸೇರಿಸಿ ಉಸಿರು ಬಿಟ್ಟು ಹೇಳೋ ಫ, 'ಫ್ಯಾನ್'ನ ಫ ಅಲ್ಲ). 'ಡಿ' ಅಂದ್ರೆ ತ, 'ಟಿ' ಅಂದ್ರೆ ಥ. 'ಕ್ಯೂ' ಅಂದ್ರೆ ಛ. ನೋಡಿ, ಒಂದನೇ ಕ್ಲಾಸಲ್ಲಿ ಕ ಖ, ಚ ಛ ತಿದ್ದಿದ್ದೀವಲ್ಲ, ಇಂಗ್ಲಿಷ್‌ನವರು ತಿಂಗಳುಗಟ್ಟಲೆ ಒದ್ದಾಡೋ ಜಾಗದಲ್ಲಿ ನಮಗೆ ಅದು ಕೈ ಹಿಡಿಯುತ್ತೆ. ಹಾಗಾಗಿ ಪಿನ್‌ಯಿನ್ ಪಕ್ಕದಲ್ಲೇ ಕನ್ನಡದಲ್ಲಿ ಬರ್ಕೊಳ್ಳಿ: 'ತ್ವೊ ಶಾವ್ ಛ್ಯೆನ್?' ಎಷ್ಟು ದುಡ್ಡು? ಒಂದು ತೆಳು ಕಾಗದ ಬಾಯಿ ಮುಂದೆ ಹಿಡೀರಿ, ಛ್ಯೆನ್ ಅಂದಾಗ ಅದು ಅಲ್ಲಾಡಬೇಕು, ತ್ವೊ ಅಂದಾಗ ಅಲ್ಲಾಡಬಾರದು. ಊಟ ಮುಗಿಸಿ 'ಛ್ರ್ ಪಾವ್ ಲ' ಅಂದ್ರೆ ಹೊಟ್ಟೆ ತುಂಬ್ತು ಅಂತ, ಅದೇ ಪ ಜಾಗದಲ್ಲಿ ಉಸಿರು ಬಿಟ್ರೆ 'ಫಾವ್', ಅದು ಓಡು ಅನ್ನೋ ಪದ.

ಇನ್ನು ಟೋನ್, ಅಂದ್ರೆ ದನಿಯ ಏರಿಳಿತ. ನಾಲ್ಕಿವೆ, ನಾಲ್ಕೂ ನಮ್ಮ ಮಾತಲ್ಲಿ ಬೇರೆ ಬೇರೆ ಕಡೆ ಇದ್ದೇ ಇವೆ. ಶ್ರುತಿ ಹಿಡಿದ ಹಾಗೆ ಮೇಲೆ ಸಮವಾಗಿ ನಿಲ್ಲೋದು ಒಂದನೇದು. ಕಿವಿಗೆ ಬೀಳದಿದ್ದಾಗ 'ಆಂ?' ಅಂತ ಏರಿಸ್ತೀವಲ್ಲ, ಎರಡನೇದು. 'ಹೂಂ... ನೋಡೋಣ' ಅನ್ನುವಾಗಿನ ಆ ತಗ್ಗಿದ ಹೂಂ, ಮೂರನೇದು. ಮಕ್ಕಳಿಗೆ 'ಏಯ್!' ಅಂತ ಗದರೋದು ನಾಲ್ಕನೇದು. ವ್ಯಾಪಾರದವರಿಗೆ ಇದು ಬೇಕೇ ಬೇಕು, ಯಾಕಂದ್ರೆ 'ಮೈ' ಮೂರನೇ ಟೋನ್‌ನಲ್ಲಿ ಕೊಳ್ಳೋದು, ನಾಲ್ಕನೇದರಲ್ಲಿ ಮಾರೋದು! ಫೋನಿನ ವಾಯ್ಸ್ ಟೈಪಿಂಗ್‌ನ ಚೈನೀಸ್‌ಗೆ ಹಾಕಿ ಮಾತಾಡಿ, ನೀವು ಅಂದ್ಕೊಂಡ ಅಕ್ಷರವೇ ಬಂದ್ರೆ ಸಪ್ಲೈಯರ್‌ಗೂ ತಿಳಿಯುತ್ತೆ, ನಾನು ಹೀಗೇ ತಿದ್ದಿಕೊಂಡಿದ್ದು.

ಕೇಳೋದು ಅರ್ಧ ಕೆಲಸ ಮಾತ್ರ ಸರ್, ಅವನು ಹೇಳೋ ರೇಟು ನಿಮಗೆ ತಿಳೀಬೇಕಲ್ಲ. ಆದ್ದರಿಂದ ಉಳಿದದ್ದು ಬಿಟ್ಟು ಮೊದಲು ಅಂಕಿ ಕಲೀರಿ: ಈ, ಅರ್, ಸಾನ್, ಸ್, ವೂ, ಲ್ಯೋ, ಛೀ, ಪಾ, ಚ್ಯೋ, ಶ್ರ್. ದಕ್ಷಿಣ ಚೀನಾದಲ್ಲಿ ಎಷ್ಟೋ ಜನ ನಾಲ್ಕಕ್ಕೂ ಹತ್ತಕ್ಕೂ 'ಸ್' ಅಂತಲೇ ಅಂತಾರೆ, ಟೋನ್ ಮಾತ್ರ ವ್ಯತ್ಯಾಸ, ನಾಲ್ಕು ಬೀಳುತ್ತೆ, ಹತ್ತು ಏರುತ್ತೆ. ಹಾಗಾಗಿ ಕೈ ನೋಡಿ. ಅವರು ಹತ್ತರವರೆಗೂ ಒಂದೇ ಕೈಯಲ್ಲಿ ತೋರಿಸ್ತಾರೆ. ಹೆಬ್ಬೆಟ್ಟು ಕಿರುಬೆರಳು ಚಾಚಿದ್ರೆ ಆರು, ಹೆಬ್ಬೆಟ್ಟು ತೋರುಬೆರಳು ಚಾಚಿದ್ರೆ ಎಂಟು, ತೋರುಬೆರಳು ಕೊಕ್ಕೆ ಮಾಡಿದ್ರೆ ಒಂಬತ್ತು. ಎರಡು ಬೆರಳು ಕಂಡಿತು ಅಂತ ಎರಡು ಅಂದ್ಕೊಂಡ್ರೆ ಲೆಕ್ಕವೆಲ್ಲ ಹೋಯ್ತು. ರೇಟು ಜಾಸ್ತಿ ಅನ್ಸಿದ್ರೆ 'ಥೈ ಕ್ವೇ ಲ', ಅಂಗಡಿಯವರನ್ನ ಕರೆಯೋಕೆ 'ಲಾವ್ ಪಾನ್', ನಮ್ಮ 'ಯಜಮಾನ್ರೇ' ಇದ್ದ ಹಾಗೆ. ಆ ಫೇರ್ 1957ರಿಂದ ನಡೀತಿದೆ, ವರ್ಷಕ್ಕೆ ಎರಡು ಸಲ, ಸ್ಟಾಲ್‌ಗಳಲ್ಲಿ ಇಂಗ್ಲಿಷ್ ಸಿಗುತ್ತೆ, ಆದ್ರೆ ಹೊರಗೆ ಹೋಲ್‌ಸೇಲ್ ಮಾರ್ಕೆಟ್‌ಗೆ ಹೋದಾಗ ಇದೆಲ್ಲ ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ಟ್ರಾನ್ಸ್‌ಲೇಶನ್ ಆ್ಯಪ್ ಇರುವಾಗ ಇಷ್ಟೆಲ್ಲ ಕಲಿಯೋದು ಯಾಕೆ ಮೇಡಂ?
– ವಿದ್ಯಾರ್ಥಿ, ಮೈಸೂರು

ಉತ್ತರ: ಆ್ಯಪ್ ಇಟ್ಕೋಪ್ಪಾ, ಬೇಡ ಅನ್ನಲ್ಲ. ಆದ್ರೆ ಅಲ್ಲಿನ ನೆಟ್‌ನಲ್ಲಿ ಗೂಗಲ್, ವಾಟ್ಸಾಪ್ ಎರಡೂ ಓಪನ್ ಆಗಲ್ಲ, ಅದಕ್ಕೇ ಆಫ್‌ಲೈನ್ ಚೈನೀಸ್ ಪ್ಯಾಕ್‌ನ ಇಲ್ಲಿಂದಲೇ ಡೌನ್‌ಲೋಡ್ ಮಾಡ್ಕೊಂಡು ಹೋಗು, ದುಡ್ಡು ಕೊಡೋಕೆ ಅಲಿಪೇ ಅನ್ನೋ ಆ್ಯಪ್ ಹಾಕ್ಕೋ. ಅಷ್ಟಾಗಿಯೂ ಹೊಟ್ಟೆ ಕೆಟ್ಟಾಗ ಫೋನ್ ತೆಗೆದು ಟೈಪ್ ಮಾಡೋಕೆ ಪುರುಸೊತ್ತಿರುತ್ತಾ? 'ಶೀ ಶೋವ್ ಚ್ಯೆನ್ ತ್ಸೈ ನಾ ಲೀ?' ಟಾಯ್ಲೆಟ್ ಎಲ್ಲಿ? ಇದೊಂದು ನಾಲಿಗೆ ಮೇಲೆ ಇರಲಿ. ಯಾವ ದೇಶ ಅಂತ ಕೇಳೇ ಕೇಳ್ತಾರೆ, 'ವೋ ಶ್ರ್ ಯಿನ್ ತೂ ರನ್', ನಾನು ಭಾರತದವನು ಅನ್ನು. ಆ ಯಿನ್ ತೂ ಅನ್ನೋ ಹೆಸರನ್ನ ಗೊತ್ತುಮಾಡಿದ್ದು 7ನೇ ಶತಮಾನದ ಹ್ಯೂಯೆನ್‌ತ್ಸಾಂಗ್, ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದು ಹೋದವರು, ನೀನು ಸ್ಕೂಲಲ್ಲಿ ಓದಿರ್ತೀಯ. ಟ್ಯಾಕ್ಸಿಯವರನ್ನ 'ಶ್ರ್ ಫು' ಅಂತ ಕರಿ, ಕೆಲಸ ಬಲ್ಲ ಗುರುಗಳು ಅನ್ನೋ ಅರ್ಥ, ಖುಷಿಪಡ್ತಾರೆ. ಮತ್ತೆ ಹೋಟೆಲ್ ರಿಸೆಪ್ಷನ್‌ನಲ್ಲಿ ಚೈನೀಸ್ ಅಕ್ಷರದಲ್ಲಿ ವಿಳಾಸ ಇರೋ ಕಾರ್ಡ್ ಇಸ್ಕೊಂಡು ಪರ್ಸಲ್ಲಿಟ್ಕೋ, ಫೋನ್ ಚಾರ್ಜ್ ಮುಗಿದ್ರೂ ಅದನ್ನ ತೋರಿಸಿದ್ರೆ ರೂಮಿಗೆ ತಲುಪಿಸ್ತಾರೆ.