ಮೇಡಂ, ಒಂದು ಮಾತು: ಚುಕ್ಕಿ ತಪ್ಪಿದ ರಂಗೋಲಿ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ. ಎಲ್ಲ ಸರಿಯಾಗಿರಬೇಕು, ಆದರೆ ಇರೋದಿಲ್ಲ. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಅತ್ತೆ ಸೊಸೆ ಜಗಳದ ಬಗ್ಗೆ ಬರೆದವರು ಮುಂದಿನ ಸಂಚಿಕೆವರೆಗೆ ಹೇಗಾದರೂ ರಾಜಿಯಲ್ಲಿರಿ.

ಪ್ರಶ್ನೆ: ನನಗೆ 38 ವರ್ಷ. ಮನೆ ಕನ್ನಡಿ ಥರ ಇರಬೇಕು. ಸೋಫಾ ಬಟ್ಟೆ ಸುಕ್ಕಾದರೂ ಸರಿಮಾಡುವವರೆಗೆ ಸಮಾಧಾನ ಇಲ್ಲ. ನೆಂಟರು ಬರ್ತೀವಿ ಅಂದರೆ ಎರಡು ದಿನ ಮೊದಲೇ ತಲೆನೋವು ಶುರು. ಮೊನ್ನೆ ಹಬ್ಬಕ್ಕೆ ಹತ್ತು ವರ್ಷದ ಮಗಳಿಗೆ ರಂಗೋಲಿ ಹಾಕು ಅಂದೆ. ‘ನಾನು ಹಾಕಲ್ಲಮ್ಮ, ಹೇಗೂ ನೀನು ಅಳಿಸಿ ಬೇರೆ ಹಾಕ್ತೀಯ’ ಅಂದುಬಿಟ್ಟಳು. ಅವತ್ತಿನಿಂದ ಮನಸ್ಸಿಗೆ ಕಸಿವಿಸಿ. ನಾನು ತಪ್ಪು ಮಾಡ್ತಿದ್ದೀನಾ?
ಓದುಗಿ, ದಾವಣಗೆರೆ

ಉತ್ತರ: ಅಳಿಸಿದ್ದು ನಿಜಾನಾ? ಅದನ್ನು ನೀವು ಬರೆದೇ ಇಲ್ಲ. ಬರೆದಿಲ್ಲ ಅಂದಮೇಲೆ ಅಳಿಸಿದ್ದೀರಿ ಅಂತಲೇ ಇಟ್ಟುಕೊಳ್ಳುತ್ತೇನೆ. ಮೂವತ್ತೊಂದು ವರ್ಷ ಮೇಡಂ ಆಗಿದ್ದವಳು ನಾನು. ಯಾರು ಯಾವುದನ್ನು ಹೇಳದೆ ಬಿಡ್ತಾರೆ ಅಂತ ಗೊತ್ತಾಗುತ್ತೆ.

ನಮ್ಮಮ್ಮ ತೀರ್ಥಹಳ್ಳಿ ಕಡೆಯ ಮನೆ ಅಂಗಳದಲ್ಲಿ ಯುಗಾದಿಗೆ 15ರಿಂದ 8ರ ಮಧ್ಯಚುಕ್ಕಿ ರಂಗೋಲಿ ಹಾಕುತ್ತಿದ್ದಳು. ನಡುವೆ 15 ಚುಕ್ಕಿಯ ಒಂದು ಸಾಲು. ಅದರ ಮೇಲೂ ಕೆಳಗೂ 14, 13 ಅಂತ ಇಳಿಯುತ್ತಾ 8ಕ್ಕೆ ನಿಲ್ಲಿಸುವುದು. ಕೂಡಿಸಿದರೆ ಒಟ್ಟು 169 ಚುಕ್ಕಿ. ಸಾರಿಸಿದ ನೆಲ ಹಸಿಯಾಗಿರುವಾಗಲೇ ಕೈ ಓಡಬೇಕು. ಅವಳಿಗೂ ಗೆರೆ ತಪ್ಪುತ್ತಿತ್ತು. ತಪ್ಪಿದ ಕಡೆ ಒಂದು ಹೂ ಬಿಡಿಸಿಬಿಡುತ್ತಿದ್ದಳು. ‘ಅಮ್ಮಾ, ಅಲ್ಲಿ ಹೂ ಇಲ್ಲ’ ಅಂತ ನಾನು ಕೂಗಿದರೆ, ‘ಈಗ ಇದೆಯಲ್ಲ’ ಅನ್ನುತ್ತಿದ್ದಳು. ಎಂಟು ಗಂಟೆಗೆ ಹಾಲಿನವನ ಸೈಕಲ್ಲು ಅದರ ಮೇಲೇ ಹಾದುಹೋಗುತ್ತಿತ್ತು. ಅಕ್ಕಿಹಿಟ್ಟಿನ ರಂಗೋಲಿ. ಉಳಿದದ್ದೆಲ್ಲ ಇರುವೆಗೆ.

ನಾಳೆ ಬೆಳಿಗ್ಗೆ ಮಗಳ ಕೈಗೆ ರಂಗೋಲಿ ಡಬ್ಬ ಕೊಟ್ಟು ಒಳಗೆ ಹೋಗಿ. ಬಾಗಿಲಲ್ಲಿ ನಿಂತು ನೋಡಬೇಡಿ, ಅದೂ ಅಳಿಸಿದ ಹಾಗೇ. ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ‘ಚೆನ್ನಾಗಿದೆ, ಆದರೆ’ ಅಂತ ಬಾಯಿಗೆ ಬರುತ್ತೆ. ‘ಆದರೆ’ಯನ್ನು ನುಂಗಿಬಿಡಿ. ಮೊದಲ ವಾರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ, ಆಮೇಲೆ ಇಳಿಯುತ್ತೆ. ಹಾಗೇ ಒಂದು ದಿನ, ಒಗೆದ ಬಟ್ಟೆ ರಾಶಿ ಮಡಚದೆ ಬಿದ್ದಿರುವಾಗಲೇ ಪಕ್ಕದ ಮನೆಯವರನ್ನು ಕಾಫಿಗೆ ಕರೆಯಿರಿ. ಮಾತಾಡುತ್ತಾ ಅವರೇ ನಾಲ್ಕು ಬಟ್ಟೆ ಮಡಚಿಟ್ಟರೂ ಆಶ್ಚರ್ಯವಿಲ್ಲ. ಅವರು ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಬೇಡಿ!

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನಿಕಾಟ್ ಅಂತ ಒಬ್ಬ ಮಕ್ಕಳ ವೈದ್ಯರಿದ್ದರು. ತಾಯಿ ಎಲ್ಲದರಲ್ಲೂ ಸರಿಯಾಗಿರಬೇಕಿಲ್ಲ, ‘ಸಾಕು ಅನ್ನುವಷ್ಟು ಒಳ್ಳೆಯ ತಾಯಿ’ಯಾದರೆ ಮಗುವಿಗೆ ಅಷ್ಟೇ ಬೇಕಾದ್ದು ಅಂತ 1953ರಲ್ಲೇ ಬರೆದರು. ನಮ್ಮಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೂ ಹೇಗೋ ಗೊತ್ತಿತ್ತು.

ಒಂದು ಮಾತು ಮಾತ್ರ ನಗದೆ ಹೇಳುತ್ತೇನೆ. ಒರೆಸಿದ್ದನ್ನೇ ಒರೆಸುವುದು, ತೊಳೆದ ಕೈಯನ್ನೇ ತೊಳೆಯುವುದು, ನಿಲ್ಲಿಸಬೇಕು ಅಂದರೂ ಆಗದಿರುವುದು ಇದ್ದರೆ, ಅದು ಅಂಕಣದಲ್ಲಿ ಬಗೆಹರಿಯುವ ವಿಷಯ ಅಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಸಣ್ಣಕತೆ ಬರೆಯುವ ಆಸೆ. ನಾಲ್ಕು ವರ್ಷದಿಂದ ಒಂದೇ ಕತೆ ಬರೆಯುತ್ತಿದ್ದೇನೆ. ಮೊದಲ ಪ್ಯಾರಾ ದಾಟಲು ಆಗುತ್ತಿಲ್ಲ. ಲ್ಯಾಪ್‌ಟಾಪ್‌ನಲ್ಲಿ ‘ಕತೆ ಕೊನೆಯ ಪ್ರತಿ 23’ ಅಂತ ಫೈಲ್ ಇದೆ.
ಓದುಗ (27), ಬೆಂಗಳೂರು

ಉತ್ತರ: ಕತೆಗಿಂತ ಫೈಲಿನ ಹೆಸರೇ ಚೆನ್ನಾಗಿದೆ ಮಾರಾಯಾ.

ಪರೀಕ್ಷೆ ಪೇಪರ್ ತಿದ್ದುವಾಗ ನಾನು ಜಿಪುಣಿ ಅಂತ ಹೆಸರಾಗಿದ್ದೆ. ಆದರೂ ‘ದೇವಾಲಯ’ವನ್ನು ದೇವ + ಆಲಯ ಅಂತ ಬಿಡಿಸಿ, ಸವರ್ಣದೀರ್ಘಸಂಧಿ ಅನ್ನುವ ಬದಲು ಗುಣಸಂಧಿ ಅಂತ ಬರೆದವನಿಗೆ ಅರ್ಧ ಅಂಕ ಕೊಡುತ್ತಿದ್ದೆ. ತರಗತಿಯ ಜಾಣೆಯೊಬ್ಬಳು ಪ್ರಬಂಧದ ಮೊದಲ ಸಾಲು ಮೂರು ಸಲ ಹೊಡೆದುಹಾಕಿ, ಗಂಟೆ ಬಾರಿಸಿದಾಗ ಖಾಲಿ ಹಾಳೆ ಕೊಟ್ಟಳು. ಅವಳು ಏನು ಬರೆಯಬಲ್ಲಳು ಅಂತ ನನಗೆ ಗೊತ್ತಿತ್ತು. ಏನು ಮಾಡಲಿ, ಗೊತ್ತಿದ್ದದ್ದಕ್ಕೆ ಅಂಕ ಹಾಕೋಕೆ ಬರಲ್ಲ.

ಇನ್ನೊಂದು ಸಲ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಹೊಯ್ಸಳೇಶ್ವರ ಗುಡಿ ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಶುರುವಾದದ್ದು. ಪೂರ್ತಿ ಮುಗಿಯಲೇ ಇಲ್ಲ. ಮೇಲೆ ಶಿಖರ ಇಲ್ಲ, ಗೋಡೆಯಲ್ಲಿ ಅಲ್ಲಲ್ಲಿ ಕೆತ್ತನೆ ಅರ್ಧಕ್ಕೇ ನಿಂತಿದೆ. ಒಬ್ಬ ಹುಡುಗ ಅದರ ಮೇಲೆ ಬೆರಳಿಟ್ಟು, ‘ಮೇಡಂ, ಇವರಿಗೆ ಯಾರೂ ಬೈಲಿಲ್ವಾ?’ ಅಂದ. ಬೈಲಿಲ್ಲ ಕಣೋ, 2023ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಆ ಹುಡುಗನಿಗೆ ಈಗ ಮೂವತ್ತು ದಾಟಿರಬೇಕು. ಉತ್ತರ ತಡವಾಯಿತು.

ಲ್ಯಾಪ್‌ಟಾಪ್ ಮುಚ್ಚಿ. ಗೆರೆ ಹಾಕಿದ ನೋಟ್‌ಬುಕ್ಕು, ಬಾಲ್‌ಪೆನ್ನು ತೆಗೆದುಕೊಳ್ಳಿ. ಅಳಿಸೋಕೆ ಆಗಲ್ಲ, ಹೊಡೆದುಹಾಕಬಹುದು ಅಷ್ಟೇ. ಮುಂದಿನ ತಿಂಗಳ ಕೊನೆಗೆ ಇಲ್ಲೇ ಸಂಪಾದಕರಿಗೆ ಕಳಿಸಿ. ವಾಪಸ್ ಬಂದರೂ ಕತೆಯೊಂದು ವಾಪಸ್ ಬಂತು ಅಂತಾದರೂ ಆಗುತ್ತೆ.

ಪ್ರಶ್ನೆ: ನನ್ನದು ಅಚ್ಚುಕಟ್ಟಿನ ಸ್ವಭಾವ. ಹೆಂಡತಿ ಮಾಡುವ ಕೆಲಸದಲ್ಲಿ ಕೊರತೆ ಕಂಡರೆ ತಿದ್ದುತ್ತೇನೆ. ಅವಳ ಒಳ್ಳೆಯದಕ್ಕೇ ಅಲ್ವಾ? ಇತ್ತೀಚೆಗೆ ಅವಳು ಏನು ಕೇಳಿದರೂ ‘ಹೂಂ’ ಅಂತಾಳೆ ಅಷ್ಟೇ.
ಓದುಗ (45), ಹಾಸನ

ಉತ್ತರ: ಹ್ಯೂಯಿಟ್ ಮತ್ತು ಫ್ಲೆಟ್ ಎಂಬ ಕೆನಡಾದ ಇಬ್ಬರು ಮನಃಶಾಸ್ತ್ರಜ್ಞರು 1991ರಲ್ಲಿ ಈ ಗುಣವನ್ನು ಮೂರು ಬಗೆ ಮಾಡಿದರು. ನಾನು ತಪ್ಪಬಾರದು ಅನ್ನುವುದು ಒಂದು. ಬೇರೆಯವರು ತಪ್ಪಬಾರದು ಅನ್ನುವುದು ಇನ್ನೊಂದು. ಲೋಕವೆಲ್ಲ ನನ್ನಿಂದ ತಪ್ಪಿಲ್ಲದ್ದನ್ನೇ ಬಯಸುತ್ತೆ ಅಂದುಕೊಳ್ಳುವುದು ಮೂರನೆಯದು. ನಿಮ್ಮದು ಎರಡನೆಯದು. ಎಷ್ಟೋ ವರ್ಷ ನನ್ನದೂ ಅದೇ ಆಗಿತ್ತು.

ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರಿಗೆ ಬೀದರಿಗೆ ವರ್ಗವಾಯಿತು. ನಾನು ಶಿವಮೊಗ್ಗದ ಹತ್ತಿರದ ಶಾಲೆಯಲ್ಲಿ. ವಾರಕ್ಕೊಂದು ನೀಲಿ ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ‘ಹೃದಯ’ಕ್ಕೆ ‘ಹ್ರುದಯ’, ‘ವಿರಹ’ಕ್ಕೆ ‘ವಿರಾಹ’. ಒಂದು ಸಂಜೆ ಕಾಗದ ಬಂದಾಗ ನಾನು ಕಿರುಪರೀಕ್ಷೆ ಪೇಪರ್ ತಿದ್ದುತ್ತಾ ಕೂತಿದ್ದೆ. ಕೈಯಲ್ಲಿ ಕೆಂಪು ಪೆನ್ನು. ತಪ್ಪಿಗೆಲ್ಲ ಸುತ್ತು ಹಾಕಿದೆ. ಅದಾದರೂ ನನ್ನ ಟ್ರಂಕಿನಲ್ಲೇ ಇರಬೇಕಿತ್ತು. ದಸರಾ ರಜೆಗೆ ಅವರು ಬಂದಾಗ ತೆಗೆದು ತೋರಿಸಿದೆ. ‘ಒಂದೇ ಕಾಗದದಲ್ಲಿ ಏಳು ತಪ್ಪು ಕಣ್ರೀ’ ಅಂತ ನಕ್ಕೆ. ಅವರೂ ನಕ್ಕರು.

ಆಮೇಲೆ ಬೀದರಿನಿಂದ ಕಾಗದ ಬರಲಿಲ್ಲ. ತಿಂಗಳಿಗೊಂದು ಮನಿಆರ್ಡರ್ ಬರುತ್ತಿತ್ತು. ಅದರ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಅಲ್ಲಿ ‘ಕ್ಷೇಮ’ ಅಂತ ಎರಡೇ ಅಕ್ಷರ. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ನಿಮ್ಮ ಹೆಂಡತಿಯ ‘ಹೂಂ’ ಕೂಡ ಆ ಜಾತಿಯದೇ ಸ್ವಾಮಿ. ಇವತ್ತು ಸಂಜೆ ಮನೆಗೆ ಹೋಗಿ, ಸಾರಿಗೆ ಉಪ್ಪು ಕಡಿಮೆಯಿದ್ದರೆ ಸುಮ್ನೆ ಊಟ ಮಾಡಿ. ಉಪ್ಪಿನ ಡಬ್ಬಿ ಕಡೆ ಕಣ್ಣು ಹೊರಳಿಸುವುದೂ ಬೇಡ.

ಪ್ರಶ್ನೆ: ಎಷ್ಟು ಸಲ ಮಾಡಿದರೂ ನನ್ನ ಮೈಸೂರು ಪಾಕ್ ಕಲ್ಲಾಗುತ್ತೆ. ಈ ಸಲದ್ದನ್ನು ಯಾರಿಗೂ ತೋರಿಸದೆ ಬೀರುವಿನಲ್ಲಿಟ್ಟಿದ್ದೇನೆ.
ಓದುಗಿ, ತುಮಕೂರು

ಉತ್ತರ: ಬೀರುವಿನಲ್ಲಾ! ಇರುವೆ ಮೊದಲು ನೋಡಿಕೊಳ್ಳಿ. ಪಾಕ ಒಂದೆಳೆ ದಾಟಿ ಗಟ್ಟಿಯಾಗಿರಬೇಕು, ಅಷ್ಟೇ. ಕುಟ್ಟಿ ಪುಡಿಮಾಡಿ, ಬಿಸಿ ಹಾಲು, ಒಂದು ಚಮಚ ತುಪ್ಪ ಹಾಕಿ ಮಗುಚಿ, ತಟ್ಟೆಗೆ ಸುರಿದು ಬರ್ಫಿ ಅಂತ ಕೊಡಿ. ಮೈಸೂರು ಅರಮನೆಯ ಅಡುಗೆಯವರು ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಬಡಿಸಿದಾಗ ಇದಕ್ಕೊಂದು ಹೆಸರೂ ಇರಲಿಲ್ಲವಂತೆ. ಅರಸರು ಏನಿದು ಅಂದಾಗ ನಿಂತ ನಿಲುವಿನಲ್ಲೇ ಮೈಸೂರು ಪಾಕ ಅಂದರಂತೆ. ನೀವೂ ಧೈರ್ಯವಾಗಿ ಬರ್ಫಿ ಅನ್ನಿ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನಿಮ್ಮ ಮೊದಲ ಶಾಲೆಯ ಹೆಡ್‌ಮಿಸ್ ಬಗ್ಗೆ ಬರೆಯುತ್ತಾ ‘ಅವರಿಗೆ ನಾನು ಸದಾ ಕೃತಘ್ನಳು’ ಎಂದಿದ್ದೀರಿ. ಕನ್ನಡ ಮೇಡಂ ಆಗಿ ಇದೇನಿದು?
ನಿವೃತ್ತ ಶಿಕ್ಷಕ, ಸಾಗರ

ಉತ್ತರ: ಸಾರ್, ತಪ್ಪು ಅಚ್ಚಿನವರದಲ್ಲ, ನನ್ನದೇ. ಉಪಕಾರ ನೆನೆಯುವವನು ಕೃತಜ್ಞ, ಮರೆಯುವವನು ಕೃತಘ್ನ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮೊಬೈಲ್‌ನಲ್ಲಿ ಒತ್ತುವಾಗ ಬೆರಳು ತಪ್ಪಿತು, ಕಣ್ಣೂ ತಪ್ಪಿತು. ಮೊದಲಿನ ನಾನಾಗಿದ್ದರೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಈ ಸಲ ಒಂದೇ ಹೊತ್ತು ಬಿಟ್ಟೆ.

ಹೆಡ್‌ಮಿಸ್‌ಗೆ ಈಗ 84. ಕ್ಷಮೆ ಕೇಳೋಣ ಅಂತ ಅಳುಕುತ್ತಲೇ ಫೋನ್ ಮಾಡಿದೆ. ‘ಓದಿದೆ ಕಣೇ’ ಅಂದರು. ‘ಸರಿಯಾಗೇ ಬರ್ದಿದ್ದೀಯಲ್ಲ. ಎರಡು ವರ್ಷ ಆಯ್ತು ನೀನು ಈ ಕಡೆ ಬಂದು.’