‘ಅಳವಡಿಸಲಾಯಿತು’ ಅಂದರೆ, ಅಳವಡಿಸಿದ್ದು ಯಾರು?

ನಮಸ್ಕಾರ. ನಿಮ್ಮ ‘ಮೌನವಾದ ಗರುಡ’ ಲೇಖನ ನಮ್ಮ ಪತ್ರಿಕೆಗೆ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದು ಕೆಲಸದಿಂದಲ್ಲ, ಸಿಟ್ಟಿನಿಂದ. ಎರಡು ಸಲ ಬರೆದು ಅಳಿಸಿದೆ. ಬರಹ ಪೂರ್ತಿ ಕೆಟ್ಟದಾಗಿದ್ದರೆ ಒಂದೇ ಸಾಲಿನಲ್ಲಿ ‘ಕ್ಷಮಿಸಿ’ ಅಂತ ಮುಗಿಸುತ್ತಿದ್ದೆ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಪಿ-47 ಥಂಡರ್‌ಬೋಲ್ಟ್‌ನ, ರಿಮೋಟ್‌ನಲ್ಲಿ ಹಾರಿಸುವ ದೊಡ್ಡ ಮಾಡೆಲ್, ಅಸಲಿ ವಿಮಾನದ ಆರನೇ ಒಂದು ಪಾಲು, ರೆಕ್ಕೆಯೇ 2 ಮೀಟರ್ ದಾಟುತ್ತದೆ. ಅದರ ಪೆಟ್ರೋಲ್ ಎಂಜಿನ್ ಕಿತ್ತು ಬ್ಯಾಟರಿಯಲ್ಲಿ ಹಾರಿಸಿದ್ದನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ, ಸಂತೋಷ. 1944ರಲ್ಲಿ ಬ್ರಿಟಿಷ್ ಪೈಲಟ್‌ಗಳು ಬರ್ಮಾ ಯುದ್ಧಕ್ಕೆ ಹೋಗುವ ಮುಂಚೆ ಇದೇ ಥಂಡರ್‌ಬೋಲ್ಟನ್ನು ನಮ್ಮ ಯಲಹಂಕದಲ್ಲಿ ಓಡಿಸಲು ಕಲಿತರು ಅನ್ನುವುದು ನನಗೆ ಗೊತ್ತಿರಲಿಲ್ಲ. ಕಾಗುಣಿತ ತಪ್ಪಿಲ್ಲ. ಇನ್ನು ಜಗಳಕ್ಕೆ ಬರುತ್ತೇನೆ.

ಎರಡನೇ ಪುಟದಲ್ಲಿ ನೀವು ಬರೆದದ್ದು ಹೀಗೆ: ‘ಹಳೆಯ ಎಂಜಿನ್ನನ್ನು ತೆಗೆಯಲಾಯಿತು. ಆ ಸ್ಥಾನದಲ್ಲಿ ಶಕ್ತಿಶಾಲಿಯಾದ ವಿದ್ಯುತ್ ಮೋಟರನ್ನು ಅಳವಡಿಸಲಾಯಿತು. ಸೂಕ್ತ ಸಾಮರ್ಥ್ಯದ ಬ್ಯಾಟರಿಗಳನ್ನು ಜೋಡಿಸಲಾಯಿತು. ಸಮತೋಲನವನ್ನು ಸರಿಪಡಿಸಲಾಯಿತು.’

ನಾಲ್ಕು ವಾಕ್ಯ, ನಾಲ್ಕು ‘ಲಾಯಿತು’. ಇದೇನು ಗ್ರಾಮ ಪಂಚಾಯಿತಿ ಸಭೆಯ ನಡಾವಳಿಯೇ? ಅದೆಲ್ಲ ಮಾಡಿದ್ದು ನೀವೇ ಅಲ್ವಾ?

‘ತೆಗೆಯಲಾಯಿತು.’ ನೀವು ಕಳಿಸಿದ ಫೋಟೋದಲ್ಲಿ ಎಂಜಿನ್ ಕೂತಿದ್ದ ಪ್ಲೈವುಡ್ ಎಣ್ಣೆ ಕುಡಿದು ಕಪ್ಪಾಗಿದೆ. ಎಣ್ಣೆ ಕುಡಿದ ಮರಕ್ಕೆ ಎಪಾಕ್ಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಉಜ್ಜಿ ತೆಗೆದಿರಾ, ಹೊಸ ತುಂಡು ಹಾಕಿದಿರಾ? ಇನ್ನೊಂದು ಇಂಥ ಎಂಜಿನ್ ಇಟ್ಟುಕೊಂಡು ಕೂತಿರುವ ಓದುಗ ಕೇಳುವುದು ಅದನ್ನೇ. ಮೋಟರ್ ಎಂಜಿನ್ನಿಗಿಂತ ಗಿಡ್ಡ. ಪ್ರೊಪೆಲ್ಲರ್ ಮೊದಲಿದ್ದ ಜಾಗಕ್ಕೇ ಬರಬೇಕಾದರೆ ಹಿಂದೆ ಏನಾದರೂ ಪೆಟ್ಟಿಗೆ ಕಟ್ಟಿರಲೇಬೇಕು. ಅದೂ ಇಲ್ಲ.

‘ಶಕ್ತಿಶಾಲಿಯಾದ.’ ಎಷ್ಟು? ನಿಮ್ಮ ಲೇಖನ ಓದಿದ ಮೇಲೂ ಗೊತ್ತಾಗದೆ ಫೋಟೋ ದೊಡ್ಡದು ಮಾಡಿ ಮೋಟರಿನ ಮೇಲಿನ ಅಕ್ಷರ ಓದಿದೆ: 200 ಕೆವಿ. ಅದೇನು ಅಂತ ಎರಡು ರಾತ್ರಿ ಹುಡುಕಿದೆ. ಪ್ರೊಪೆಲ್ಲರ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 200 ಸುತ್ತು ಅಂತೆ. ನಿಮ್ಮ 12 ಸೆಲ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಸಾಧಾರಣ ಲೆಕ್ಕದ 44.4 ವೋಲ್ಟಿಗೆ ಗುಣಿಸಿದರೆ 8,880 ಸುತ್ತು. 22 ಇಂಚಿನ ಪ್ರೊಪೆಲ್ಲರ್ ಹಾಕಿ 70 ಆಂಪಿಯರ್ ಎಳೆದರೆ 3,000 ವಾಟ್ ದಾಟುತ್ತದೆ, ಸುಮಾರು 4 ಎಚ್‌ಪಿ. ಅಂದರೆ ತೋಟದ ಪಂಪ್‌ಸೆಟ್ಟಿನ ಲೆಕ್ಕ! ನಮ್ಮ ಓದುಗರಿಗೆ ಪಂಪ್‌ಸೆಟ್ ಚೆನ್ನಾಗಿ ಗೊತ್ತು ಮಾರಾಯ್ರೇ, ‘ಶಕ್ತಿಶಾಲಿ’ ಗೊತ್ತಿಲ್ಲ. (ಅಂದಹಾಗೆ, ಶೀರ್ಷಿಕೆಯಲ್ಲಿ ‘ಮೌನ’ ಎಲ್ಲಿಂದ ಬಂತು? 22 ಇಂಚಿನ ಪ್ರೊಪೆಲ್ಲರ್ ಸುಮ್ನೆ ತಿರುಗುತ್ತದೆಯೇ?)

ನನಗೂ ಈ ‘ಲಾಯಿತು’ ರೋಗ ಇತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಜಿಲ್ಲಾ ಪತ್ರಿಕೆಯೊಂದಕ್ಕೆ ಸೇರಿದಾಗ ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರ್ ಅಂಗಡಿಗೆ ಬೆಂಕಿ ಬಿದ್ದ ಸುದ್ದಿ ಬರೆದೆ, ಕೊನೆಯಲ್ಲಿ ‘ಬೆಂಕಿಯನ್ನು ನಂದಿಸಲಾಯಿತು’ ಅಂತ ಹಾಕಿದೆ. ಡೆಸ್ಕಿನ ರಾಯರು ತಲೆ ಎತ್ತದೆ, ‘ಯಾರಯ್ಯಾ ನಂದಿಸಿದ್ದು?’ ಅಂದರು. ‘ಅಗ್ನಿಶಾಮಕದವರು ಇರಬೇಕು ಸಾರ್.’ ‘ಇರಬೇಕಾ?’ ಅಂದರು, ಅಷ್ಟೇ. ಬಾಡಿಗೆ ಸೈಕಲ್ ತುಳಿದುಕೊಂಡು ಹೋದೆ. ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ನಂದಿಸಿದ್ದು ಎದುರು ಹೋಟೆಲಿನ ಇಬ್ಬರು ಹುಡುಗರು, ಪಾತ್ರೆ ತೊಳೆದ ನೀರಿನ ಡ್ರಮ್ಮಿನಿಂದ ಬಕೆಟ್ ಬಕೆಟ್ ಹೊತ್ತು. ಅರ್ಧ ಸುಟ್ಟ ಪ್ಯಾಂಟುಗಳಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ಆ ಇಬ್ಬರ ಹೆಸರು ಮರುದಿನದ ಪೇಪರಿನಲ್ಲಿ ಬಂತು. ರಾಯರು ಮಹಾತ್ಮರೇನಲ್ಲ ಬಿಡಿ, ಆ ಸೈಕಲ್ ಬಾಡಿಗೆ ಕೊನೆಗೂ ಕೊಡಲಿಲ್ಲ.

ಈಗ ನಿಜವಾಗಿ ಸಿಟ್ಟು ಬರಿಸಿದ ಸಾಲಿಗೆ ಬರುತ್ತೇನೆ. ‘ಸಮತೋಲನವನ್ನು ಸರಿಪಡಿಸಲಾಯಿತು.’ ಲೇಖನದ ಜೊತೆ ಕಳಿಸಿದ ಮೇಲ್‌ನಲ್ಲಿ ನೀವು ಹೇಳಿದ್ದು ಹೀಗೆ: ‘ಸಾರ್, ಥಂಡರ್‌ಬೋಲ್ಟ್ ಮೂಗು ಗಿಡ್ಡ, ಬಾಲವೇ ಭಾರ. ಎಂಜಿನ್ ಇದ್ದಾಗ ಮುಂದೆ 400 ಗ್ರಾಂ ಸೀಸ ಕೂರಿಸಿದ್ದೆ. ಈಗ ಎರಡು ಬ್ಯಾಟರಿ ಸೇರಿ ಒಂದೂವರೆ ಕೆಜಿ, ಅದನ್ನೇ ಆದಷ್ಟು ಮುಂದಕ್ಕೆ ತಳ್ಳಿದೆ. ಮಗಳು ಆ ಕಡೆ ರೆಕ್ಕೆ ಕೆಳಗೆ ಬೆರಳಿಟ್ಟಳು, ನಾನು ಈ ಕಡೆ. ಎತ್ತಿದರೆ ಬಾಲ ಇಳಿಯಲಿಲ್ಲ, ಮೂಗು ಬಗ್ಗಲಿಲ್ಲ. ಸೀಸ ಪೂರ್ತಿ ತೆಗೆದೆ.’

ಇದನ್ನು ಮೇಲ್‌ನಲ್ಲಿ ಬಿಟ್ಟು ಲೇಖನಕ್ಕೆ ‘ಸರಿಪಡಿಸಲಾಯಿತು’ ಹಾಕಿದಿರಾ?

ಇನ್ನೊಂದು, ಮೂರನೇ ಪುಟದಲ್ಲಿ: ‘ವಿದ್ಯುತ್ ವೇಗ ನಿಯಂತ್ರಕಕ್ಕೆ ಬ್ಯಾಟರಿಯನ್ನು ಸಂಪರ್ಕಿಸುವ ಸಂದರ್ಭದಲ್ಲಿ ಸಣ್ಣ ಅಚಾತುರ್ಯ ಸಂಭವಿಸಿತು.’ ಅದನ್ನು ‘ವಿದ್ಯುತ್ ವೇಗ ನಿಯಂತ್ರಕ’ ಅಂತ ಕರೆದವರನ್ನು ಒಬ್ಬರನ್ನು ತೋರಿಸಿ. ಮೇಲ್‌ನಲ್ಲಿ ನೀವೇ ‘ಇಎಸ್‌ಸಿ’ ಅಂದಿದ್ದೀರಿ. ಅಚಾತುರ್ಯ ಏನು ಅನ್ನುವುದೂ ಅಲ್ಲೇ ಇದೆ: ಪಟ್ ಅಂತ ನೀಲಿ ಕಿಡಿ ಹಾರಿತು, ಕನೆಕ್ಟರಿನ ತುದಿ ಕಪ್ಪಾಯಿತು, ಹೆಬ್ಬೆರಳು ಸುಟ್ಟಿತು, ಮನೆಯವರು ಒಲೆ ಆರಿಸಿ ಓಡಿ ಬಂದರು. ಫುಲ್ ಚಾರ್ಜ್ ಆದ 12 ಸೆಲ್ ಅಂದರೆ 50.4 ವೋಲ್ಟ್. ಇಎಸ್‌ಸಿಯೊಳಗಿನ, ಕರೆಂಟ್ ತುಂಬಿಟ್ಟುಕೊಳ್ಳುವ ಖಾಲಿ ಕೆಪಾಸಿಟರ್‌ಗಳು ಅದು ತಾಗಿದ ತಕ್ಷಣ ಒಂದೇ ಏಟಿಗೆ ತುಂಬಿಕೊಳ್ಳುತ್ತವೆ, ಕಿಡಿ ಬರುವುದು ಅದಕ್ಕೇ. ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಇರುವ ಆಂಟಿ-ಸ್ಪಾರ್ಕ್ ಕನೆಕ್ಟರ್ ಹಾಕಿದರೆ ತಪ್ಪುತ್ತದೆ ಅಂತಲೂ ನೀವೇ ಬರೆದಿದ್ದೀರಿ, ಅದೂ ಮೇಲ್‌ನಲ್ಲಿ! ಓದುಗನ ಹೆಬ್ಬೆರಳು ಉಳಿಸುವ ಮಾತನ್ನು ನನಗೊಬ್ಬನಿಗೆ ಹೇಳಿದರೆ ಹೇಗೆ?

ಉಳಿದದ್ದರ ಬಗ್ಗೆ ಏನೂ ಹೇಳುವುದಿಲ್ಲ. ಕೊನೆಯ ಪುಟದ ಸೂರ್ಯೋದಯ ಇದ್ದರೂ ಸರಿ, ಹೋದರೂ ಸರಿ.

ಲೇಖನ ಪಕ್ಕಕ್ಕಿಟ್ಟು ಆ ಮೇಲನ್ನೇ ತೆರೆದುಕೊಳ್ಳಿ, ‘ಸಾರ್’ ಅನ್ನುವುದನ್ನು ತೆಗೆಯಿರಿ, ಅಲ್ಲಿಂದ ಮುಂದುವರಿಸಿ. ಕೆರೆ ಅಂಗಳದಲ್ಲಿ ಆರು ನಿಮಿಷ ಹಾರಿತು ಅಂದಿರಲ್ಲ, ಆ ಆರು ನಿಮಿಷ ಮಗಳು ಏನು ಮಾಡುತ್ತಿದ್ದಳು ಅನ್ನುವುದೂ ಇರಲಿ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ಜಾಗ ಇಟ್ಟಿರುತ್ತೇನೆ.

ಹೆಬ್ಬೆರಳು ವಾಸಿಯಾಯಿತಾ?