ಜ್ವರ ಬಿಟ್ಟಿತೆಂದು ಮಾತ್ರೆ ಬಿಡಬೇಡಿ

ಬದಿಯಡ್ಕದ ಓದುಗರೊಬ್ಬರ ಪತ್ರ: "ಮಾವನಿಗೆ ಶುಗರ್ ಇದೆ. ಮಳೆಗಾಲವಿಡೀ ಅಡಿಕೆ ತೋಟದಲ್ಲೇ ಇರುತ್ತಾರೆ. ಜ್ವರ ಬಿಡದೆ ಮಂಗಳೂರಿಗೆ ಕರೆದೊಯ್ದೆವು. ಗುಲ್ಮದಲ್ಲಿ ಕೀವು, ಮೆಲಿಯಾಯ್ಡೋಸಿಸ್ ಎಂಬ ಸೋಂಕು ಎಂದರು. ಕಲ್ಚರ್ ರಿಪೋರ್ಟಿನಲ್ಲಿ ಜೆಂಟಾಮೈಸಿನ್, ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಎಲ್ಲದರ ಮುಂದೆ 'ಆರ್' (ಮದ್ದು ನಾಟದು). ಕೋಟ್ರಿಮೋಕ್ಸಜೋಲ್ ಒಂದು ಲ್ಯಾಬಿನಲ್ಲಿ 'ಆರ್', ಇನ್ನೊಂದರಲ್ಲಿ 'ಎಸ್' (ನಾಟುತ್ತದೆ). ಎರಡು ವಾರ ಇಂಜೆಕ್ಷನ್ ಕೊಟ್ಟು, ಈಗ ಕೋಟ್ರಿಮೋಕ್ಸಜೋಲ್ ಮಾತ್ರೆ ಮೂರು ತಿಂಗಳಿಗೆ ಬರೆದಿದ್ದಾರೆ. ಜ್ವರ ಹೋಗಿದೆ. ಇನ್ನು ನಿಲ್ಲಿಸಬಹುದೇ?"

ನಿಲ್ಲಿಸಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ.

ರಿಪೋರ್ಟ್ ನೋಡಿ ನಿಮಗೆ ಗಾಬರಿ ಆಗಿರುವುದು ಸಹಜ. ಆದರೆ ನಿಮ್ಮ ಮಾವ ಸಿಕ್ಕಾಪಟ್ಟೆ ಮಾತ್ರೆ ನುಂಗಿದ್ದರಿಂದ ಆ 'ಆರ್' ಬಂದದ್ದಲ್ಲ. ಮೆಲಿಯಾಯ್ಡೋಸಿಸ್ ತರುವ, ಒದ್ದೆ ಮಣ್ಣಿನಲ್ಲಿರುವ ಬರ್ಕೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಎಂಬ ಈ ರೋಗಾಣು ಹುಟ್ಟಿನಿಂದಲೇ ಹಾಗೆ. ಒಳಗೆ ಬಂದ ಜೆಂಟಾಮೈಸಿನನ್ನು ಪಂಪ್ ಮಾಡಿ ಹೊರಗೆ ಹಾಕುತ್ತದೆ. ಕೊಲಿಸ್ಟಿನಿಗೆ ಅದರ ಹೊರಪೊರೆಯ ಮೇಲೆ ಹಿಡಿತವೇ ಸಿಗುವುದಿಲ್ಲ. ಇವೆರಡೂ 'ಆರ್', ಆದರೆ ಅಮೋಕ್ಸಿಸಿಲಿನ್-ಕ್ಲಾವುಲನೇಟ್ 'ಎಸ್' ಎಂದು ಬಂದರೆ ಅನುಭವಿ ಲ್ಯಾಬಿನವರಿಗೆ ತಕ್ಷಣ ಇದರ ಮೇಲೇ ಸಂಶಯ ಬರುತ್ತದೆ. ಇಲ್ಲದಿದ್ದರೆ ಸ್ಯೂಡೋಮೋನಾಸ್ ಎಂಬ ಬೇರೆ ಯಾವುದೋ ರೋಗಾಣು ಎಂದು ಬದಿಗಿಡುವುದೂ ಉಂಟು. ಆ ಲೆಕ್ಕದಲ್ಲಿ ನಿಮಗೆ ಹೆದರಿಕೆ ಹುಟ್ಟಿಸಿದ ಅಕ್ಷರಗಳೇ ರೋಗದ ಗುರುತು ಹೇಳಿವೆ.

ಮದ್ದು ಇಲ್ಲವೆಂದೇನೂ ಅಲ್ಲ. ಸೆಫ್ಟಜಿಡೈಮ್, ಮೆರೋಪೆನೆಮ್ ಸಾಮಾನ್ಯವಾಗಿ ಕೆಲಸ ಮಾಡುತ್ತವೆ. 1989ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನದಲ್ಲಿ, ತೀವ್ರ ಕಾಯಿಲೆಯವರಿಗೆ ಹಳೆಯ ಮದ್ದುಗಳ ಬದಲು ಸೆಫ್ಟಜಿಡೈಮ್ ಕೊಟ್ಟಾಗ ಸಾವು ಶೇಕಡ 74ರಿಂದ 37ಕ್ಕೆ ಇಳಿಯಿತು.

ಇನ್ನು ಕೋಟ್ರಿಮೋಕ್ಸಜೋಲ್. ಎರಡು ಲ್ಯಾಬು ಎರಡು ಹೇಳುವುದಕ್ಕೆ ಕಾರಣವಿದೆ. ತಟ್ಟೆಯಲ್ಲಿ ರೋಗಾಣು ಬೆಳೆಸಿ, ಮದ್ದಿನ ಸಣ್ಣ ಬಿಲ್ಲೆ ಇಡುತ್ತಾರೆ. ಸುತ್ತ ರೋಗಾಣುವಿನ ಬೆಳವಣಿಗೆ ನಿಂತ ಜಾಗವನ್ನು ಅಳೆಯುತ್ತಾರೆ. ಈ ಮದ್ದಿಗೆ ಆ ಜಾಗದ ಅಂಚು ಚೊಕ್ಕ ಇರುವುದಿಲ್ಲ, ಒಳಗೆ ತೆಳುವಾಗಿ ಮಬ್ಬು ಉಳಿದಿರುತ್ತದೆ. ಶೇಕಡ 80ರಷ್ಟು ಬೆಳವಣಿಗೆ ನಿಂತ ಗೆರೆಯನ್ನು ಅಂಚೆಂದು ಹಿಡಿಯಬೇಕು. ಮಬ್ಬನ್ನೂ ಬೆಳವಣಿಗೆ ಎಂದುಕೊಂಡರೆ 'ಎಸ್' ಇದ್ದದ್ದು 'ಆರ್' ಆಗುತ್ತದೆ. ಅದಕ್ಕೇ ಬಿಲ್ಲೆಯಲ್ಲಿ 'ಆರ್' ಬಂದರೆ ಇ-ಟೆಸ್ಟ್ ಎಂಬ, ಮದ್ದು ಸವರಿದ ಉದ್ದ ಪಟ್ಟಿಯಿಂದ ಇನ್ನೊಮ್ಮೆ ನೋಡುವುದು. ಆ ಒಂದು ಅಕ್ಷರ ತಪ್ಪಿದರೆ ಒಳ್ಳೆಯ ಮದ್ದೊಂದು ಸುಮ್ನೆ ಕೈತಪ್ಪುತ್ತದೆ, ಅಲ್ವಾ?

ಮೂರು ತಿಂಗಳು ಯಾಕೆ ಅಂದರೆ, ಇಂಜೆಕ್ಷನ್ನಿಗೆ ಜ್ವರ ಇಳಿದರೂ ರೋಗಾಣು ಜೀವಕೋಶಗಳ ಒಳಗೆ, ಕೀವಿನ ಗಂಟುಗಳಲ್ಲಿ ಅಡಗಿ ಉಳಿಯುತ್ತದೆ. ನಡುವೆ ಮಾತ್ರೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಈ ಮಾತ್ರೆ ತೆಗೆದುಕೊಳ್ಳುವಾಗ ಮೈಮೇಲೆ ದದ್ದು ಎದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಪೊಟ್ಯಾಶಿಯಂ, ಕಿಡ್ನಿ, ರಕ್ತಕಣಗಳ ಪರೀಕ್ಷೆ ಆಗಾಗ ಆಗಲಿ. ಶುಗರ್ ಹಿಡಿತದಲ್ಲಿರಲೇಬೇಕು. ಮಾವ ಮತ್ತೆ ಕಣಿಯ ಕೆಸರಿಗೆ ಇಳಿಯುವಾಗ ಗಂಬೂಟು ಹಾಕಲಿ, ಕಾಲಲ್ಲಿ ಗಾಯ ಇದ್ದರೆ ಇಳಿಯುವುದೇ ಬೇಡ.

ಮುಂದಿನ ಸಲ ಹೋಗುವಾಗ ಎರಡೂ ರಿಪೋರ್ಟ್ ಜೊತೆಗಿರಲಿ. "ಕೋಟ್ರಿಮೋಕ್ಸಜೋಲ್ ಬಿಲ್ಲೆಯಲ್ಲಿ ನೋಡಿದ್ದೋ, ಪಟ್ಟಿಯಲ್ಲೋ?" ಎಂದು ಡಾಕ್ಟರರನ್ನು ಸಂಕೋಚವಿಲ್ಲದೆ ಕೇಳಿ.

– ಸಂಪಾದಕ